ಬೇಸಿಗೆ ಕ್ರೀಡಾ ಶಿಬಿರ: ಪ್ರಕಟಣೆಯಲ್ಲಿ ತರಬೇತುದಾರರ ಹೆಸರಿರಲಿ

ಸಂಪಾದಕರಿಗೆ,

ಮಾನ್ಯರೇ,

ಮಾರ್ಚ್ ತಿಂಗಳು ಮುಗಿಯುತ್ತ ಬಂದಂತೆ ತಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಬೇಸಿಗೆ ಕ್ರೀಡಾ ಶಿಬಿರಗಳ ಪ್ರಕಟಣೆಗಳು ಸಾಲುಗಟ್ಟಿ ಬರುತ್ತವೆ. ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ರಜೆ ಬಿದ್ದಲ್ಲಿಂದ ಮೇ ಕೊನೆಯಲ್ಲಿ ಮತ್ತೆ ಬಾಗಿಲು ತೆರೆಯುವವರೆಗೆ ಊರಿನ ಖಾಲಿ ಮೈದಾನಗಳೆಲ್ಲ ಭರ್ತಿಯಾಗಿರುತ್ತವೆ. ಈ ಪ್ರಕಟಣೆಗಳಲ್ಲಿ ಸ್ಥಳ, ಸಮಯ, ಶುಲ್ಕ, ಸಂಪರ್ಕಿಸಬೇಕಾದ ಮೊಬೈಲ್ ಸಂಖ್ಯೆ ಎಲ್ಲವೂ ಇರುತ್ತವೆ. ‘ನುರಿತ ತರಬೇತುದಾರರಿಂದ ತರಬೇತಿ’ ಎಂಬ ಸಾಲೂ ತಪ್ಪದೆ ಇರುತ್ತದೆ. ಆ ನುರಿತವರು ಯಾರು ಎಂಬುದು ಮಾತ್ರ ಬಹುತೇಕ ಇರುವುದಿಲ್ಲ. ಧಾರವಾಡ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿ ದುಡಿದು ನಿವೃತ್ತನಾದ ನನ್ನ ಬಳಿ ಪಾಲಕರು ಈಗಲೂ ಬಂದು ‘ಸರ, ಮಗನ್ನ ಯಾವ ಕ್ಯಾಂಪಿಗೆ ಹಚ್ಚೂಣ್ರಿ’ ಎಂದು ಕೇಳುತ್ತಾರೆ. ಅವರ ಕೈಯಲ್ಲಿರುವ ಪತ್ರಿಕೆಯ ತುಣುಕಿನಿಂದ ಆ ಪ್ರಶ್ನೆಗೆ ಉತ್ತರ ಸಿಗುವಂತಿರಬೇಕು ಎಂಬುದೇ ಈ ಪತ್ರದ ಉದ್ದೇಶ.

ರಜೆಯಲ್ಲಿ ಮಗು ಮೊಬೈಲ್ ಬಿಟ್ಟು ನಾಲ್ಕು ಮಕ್ಕಳೊಡನೆ ಓಡಾಡಲಿ ಎಂಬಷ್ಟೇ ಆಸೆಯಿದ್ದರೆ ಮನೆಗೆ ಹತ್ತಿರದ, ಸುರಕ್ಷಿತವಾದ ಯಾವ ಶಿಬಿರವಾದರೂ ಆದೀತು. ಅಜ್ಜನ ಊರಿನ ಬಯಲಾದರೆ ಇನ್ನೂ ಒಳ್ಳೆಯದು. ನಾನು ಬರೆಯುತ್ತಿರುವುದು ತಾಲ್ಲೂಕು ಅಥವಾ ಜಿಲ್ಲಾ ಮಟ್ಟದಲ್ಲಿ ಗೆದ್ದು, ಮುಂದಿನ ವರ್ಷ ವಿಭಾಗ ಮಟ್ಟವನ್ನು ದಾಟಬೇಕೆಂಬ ಹಂಬಲ ಹೊತ್ತ, ಹನ್ನೊಂದರಿಂದ ಹದಿನೈದು ವರ್ಷದೊಳಗಿನ ಮಕ್ಕಳ ವಿಚಾರವಾಗಿ. ಈ ವಯಸ್ಸಿನಲ್ಲಿ ತಪ್ಪಾಗಿ ರೂಢಿಯಾದ ಕಾಲಿನ ಹೆಜ್ಜೆಯನ್ನು, ಕೈಯ ಬೀಸನ್ನು ಹದಿನೆಂಟರಲ್ಲಿ ಬಿಡಿಸುವುದು ಎಷ್ಟು ಕಷ್ಟವೆಂದು ಮೈದಾನದಲ್ಲಿ ನಿಂತವರಿಗೆಲ್ಲ ಗೊತ್ತು.

ಶಿಬಿರದ ಗುಣವೆಲ್ಲ ದಿನವೂ ಮಗುವಿನ ಎದುರು ನಿಲ್ಲುವ ವ್ಯಕ್ತಿಯನ್ನು ಅವಲಂಬಿಸಿದೆ. ಉದ್ಘಾಟನೆಗೆ ಬರುವ ಖ್ಯಾತ ಆಟಗಾರರು ಸಮಾರೋಪದ ಗುಂಪುಚಿತ್ರಕ್ಕಷ್ಟೇ ಮತ್ತೊಮ್ಮೆ ಬರುತ್ತಾರೆ. ನಡುವಿನ ದಿನಗಳಲ್ಲಿ ಸೀಟಿ ಹಿಡಿದು ನಿಲ್ಲುವವರು ಬೇರೆಯೇ ಇರುತ್ತಾರೆ. ಅವರ ಅರ್ಹತೆಯನ್ನು ತಿಳಿಯುವುದು ಕಷ್ಟವಲ್ಲವಾದರೂ ಫ್ಲೆಕ್ಸ್ ಮೇಲಿನ ಅಕ್ಷರಗಳನ್ನು ಬಿಡಿಸಿ ಓದಬೇಕಾಗುತ್ತದೆ. 1961ರಲ್ಲಿ ಪಟಿಯಾಲದಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಅಂದರೆ ಎಲ್ಲರ ಬಾಯಲ್ಲಿರುವ ಎನ್‌ಐಎಸ್, ಒಂದೊಂದು ಆಟಕ್ಕೆ ಪ್ರತ್ಯೇಕವಾದ ದೀರ್ಘಾವಧಿಯ ಡಿಪ್ಲೊಮಾವನ್ನು ಕೊಡುತ್ತದೆ. ಆರು ವಾರಗಳ ಸರ್ಟಿಫಿಕೇಟ್ ಕೋರ್ಸನ್ನೂ ನಡೆಸುತ್ತದೆ. ಎರಡರಲ್ಲಿ ಯಾವುದನ್ನು ಮುಗಿಸಿದವರೂ ಫ್ಲೆಕ್ಸ್ ಮೇಲೆ ‘ಎನ್‌ಐಎಸ್ ಕೋಚ್’ ಎಂದೇ ಹಾಕಿಕೊಳ್ಳುತ್ತಾರೆ. ಆದ್ದರಿಂದ ಯಾವ ಆಟದಲ್ಲಿ, ಎಷ್ಟು ಅವಧಿಯದು ಎಂದು ಕೇಳಲೇಬೇಕು. ಫುಟ್‌ಬಾಲ್‌ನಲ್ಲಿ ಅಖಿಲ ಭಾರತ ಫೆಡರೇಷನ್ ಕೊಡುವ ಪರವಾನಗಿಗಳಿಗೆ ಡಿ, ಸಿ, ಬಿ, ಎ ಎಂಬ ಮೆಟ್ಟಿಲುಗಳಿವೆ. ಕ್ರಿಕೆಟ್ ಮಂಡಳಿಯ ತರಬೇತುದಾರರಿಗೆ ಲೆವೆಲ್‌ಗಳಿವೆ. ನಾನೂ ಬಿ.ಪಿ.ಎಡ್., ಅಂದರೆ ದೈಹಿಕ ಶಿಕ್ಷಣದ ಪದವಿ, ಮಾಡಿದವನೇ ಆದ್ದರಿಂದ ನಮ್ಮವರಿಗೆ ಬೇಸರವಾದರೂ ಹೇಳಿಬಿಡುತ್ತೇನೆ: ಆ ಪದವಿ ಶಾಲೆಯ ಎಲ್ಲ ಮಕ್ಕಳಿಗೆ ಎಲ್ಲ ಆಟಗಳ ಪರಿಚಯ ಮಾಡಿಸಲು, ಕ್ರೀಡಾಕೂಟ ನಡೆಸಲು ಸಜ್ಜುಗೊಳಿಸುತ್ತದೆಯೇ ಹೊರತು ಒಬ್ಬ ಹೈಜಂಪ್ ಹುಡುಗಿಯ ಕೊನೆಯ ಐದು ಹೆಜ್ಜೆಗಳನ್ನು ತಿದ್ದುವ ಪರಿಣತಿಯನ್ನು ತಾನಾಗಿ ಕೊಡುವುದಿಲ್ಲ.

ಪ್ರಮಾಣಪತ್ರ ತೋರಿಸಿ ಎನ್ನಲು ನಮ್ಮ ಪಾಲಕರಿಗೆ ಸಂಕೋಚ. ಗುರುವನ್ನು ಪರೀಕ್ಷಿಸಿದಂತಾಗುತ್ತದೆ ಎಂಬ ಭಾವನೆ ಅದರ ಹಿಂದಿದೆ, ಮತ್ತು ಆ ಭಾವನೆ ಕೆಟ್ಟದ್ದೇನೂ ಅಲ್ಲ. ಆದರೆ ಒಳ್ಳೆಯ ತರಬೇತುದಾರರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ತಾವು ಎಲ್ಲಿ ಕಲಿತೆವು, ಯಾರ ಕೈಕೆಳಗೆ ದುಡಿದೆವು, ತಮ್ಮ ಹುಡುಗರು ಈಗ ಎಲ್ಲಿದ್ದಾರೆ ಎಂದು ಅವರೇ ಸಂತೋಷದಿಂದ ಹೇಳುತ್ತಾರೆ. ‘ನಮ್ಮ ಅಕಾಡೆಮಿ ಹೆಸರು ಕೇಳಿಲ್ಲೇನ್ರಿ’ ಎಂದು ಮಾತು ತೇಲಿಸುವಲ್ಲಿ ಸ್ವಲ್ಪ ತಡೆದು ಹೆಜ್ಜೆಯಿಡುವುದು ಒಳ್ಳೆಯದು.

ತರಬೇತುದಾರರು ಎಷ್ಟೇ ಅರ್ಹರಾಗಿದ್ದರೂ ಅವರ ಕಣ್ಣು ಮಗುವಿನ ಮೇಲೆ ಬೀಳಬೇಕಲ್ಲ. ಒಂದು ಕ್ರಿಕೆಟ್ ಶಿಬಿರದಲ್ಲಿ ನಲವತ್ತು ಹುಡುಗರು, ಎರಡು ನೆಟ್ಸ್, ಎರಡು ಗಂಟೆಯ ಬ್ಯಾಚ್ ಎಂದುಕೊಳ್ಳೋಣ. ವಾರ್ಮ್ ಅಪ್, ಹಾಜರಿ, ನೀರಿನ ಬಿಡುವು ಏನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಪೂರ್ತಿ ನೂರಿಪ್ಪತ್ತು ನಿಮಿಷವನ್ನು ಬ್ಯಾಟಿಂಗಿಗೇ ಕೊಟ್ಟರೂ ಒಬ್ಬನ ಪಾಲಿಗೆ ಬರುವುದು ಆರು ನಿಮಿಷ. ಉಳಿದ ಹೊತ್ತು ಅವನು ಬೌಂಡರಿಯ ಬಳಿ ಚೆಂಡು ಹೆಕ್ಕುತ್ತಾನೆ. ಇನ್ನೂ ಕೆಟ್ಟ ಸಂಗತಿಯೆಂದರೆ ಎಂಟು ವರ್ಷದವನನ್ನೂ ಹದಿನಾರರವನನ್ನೂ ಒಂದೇ ನೆಟ್ಸ್‌ಗೆ ಬಿಡುವುದು. ಚಿಕ್ಕವನು ಕಲಿಯುವುದು ಬ್ಯಾಟಿಂಗನ್ನಲ್ಲ, ಭಯವನ್ನು. ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು, ಎಷ್ಟು ತರಬೇತುದಾರರು, ವಯಸ್ಸಿನ ಪ್ರಕಾರ ವಿಂಗಡಣೆ ಉಂಟೋ ಇಲ್ಲವೋ ಎಂಬ ಮೂರು ಪ್ರಶ್ನೆಗಳು ಶುಲ್ಕದ ಪ್ರಶ್ನೆಗಿಂತ ಮೊದಲು ಬರಬೇಕು.

ಹಣ ಕಟ್ಟುವ ಮುಂಚೆ ಪಾಲಕರು ಒಂದು ಸಂಜೆ, ಹೇಳದೆ ಕೇಳದೆ, ಅಭ್ಯಾಸದ ಕೊನೆಯ ಅರ್ಧ ಗಂಟೆಗೆ ಹೋಗಿ ಮೈದಾನದ ಅಂಚಿನಲ್ಲಿ ನಿಲ್ಲಲಿ. ಬೆಳಗಿನ ಆರಂಭದಲ್ಲಿ ಎಲ್ಲ ಶಿಬಿರಗಳೂ ಶಿಸ್ತಾಗಿಯೇ ಕಾಣುತ್ತವೆ. ಎಲ್ಲರೂ ದಣಿದ ಹೊತ್ತಿನಲ್ಲಿ ನಿಜಸ್ಥಿತಿ ತಿಳಿಯುತ್ತದೆ. ಲಾಂಗ್ ಜಂಪ್ ಗುಂಡಿಯ ಮರಳನ್ನೇ ನೋಡಿ. ಬಿಸಿಲಿಗೆ ಮರಳು ಗಟ್ಟಿಯಾಗುತ್ತದೆ. ಬಲ್ಲ ತರಬೇತುದಾರರು ಜಿಗಿತಕ್ಕೆ ಮುನ್ನ ಸಲಿಕೆ ಕೊಟ್ಟು ಮಕ್ಕಳಿಂದಲೇ ಅಗೆಸಿ, ನೀರು ಚಿಮುಕಿಸಿ, ಕುಂಟೆಯಿಂದ ಸಮ ಮಾಡಿಸುತ್ತಾರೆ. ಅಗೆಯದ ಗುಂಡಿಯ ಅಂಚಿನಲ್ಲಿ ಕಲ್ಲು, ಬಾಟಲಿಯ ಮುಚ್ಚಳ ಕಾಣಿಸಿದರೆ ಆ ಶಿಬಿರದ ಬಗ್ಗೆ ಬೇರೆ ಯಾರನ್ನೂ ಕೇಳಬೇಕಾಗಿಲ್ಲ. ಹೈಜಂಪ್‌ನಲ್ಲಿ ಬೆನ್ನಿನ ಮೇಲೆ ಬೀಳುವ ಶೈಲಿಯನ್ನು ಟಿ.ವಿ.ಯಲ್ಲಿ ನೋಡಿದ ಮಕ್ಕಳು ಅದನ್ನೇ ಮಾಡಬಯಸುತ್ತಾರೆ. ದಪ್ಪನೆಯ ಲ್ಯಾಂಡಿಂಗ್ ಮ್ಯಾಟ್ ಇಲ್ಲದೆ, ಮನೆಯ ಹಾಸಿಗೆಯಷ್ಟು ತೆಳುವಾದ ಫೋಮಿನ ಮೇಲೆ ಅದನ್ನು ಮಾಡಿಸುವವರು ಮಗುವಿನ ಕುತ್ತಿಗೆಯ ಜೊತೆ ಆಟವಾಡುತ್ತಿದ್ದಾರೆ. ಮರಳಿನ ಗುಂಡಿಯಷ್ಟೇ ಇರುವಲ್ಲಿ ಕತ್ತರಿ ಜಿಗಿತವನ್ನು, ಅಂದರೆ ಒಂದಾದ ಮೇಲೊಂದು ಕಾಲೆತ್ತಿ ದಾಟಿ ಕಾಲ ಮೇಲೇ ಇಳಿಯುವ ಶೈಲಿಯನ್ನು, ಕಲಿಸುವವರು ತಮ್ಮ ಸೌಲಭ್ಯದ ಮಿತಿಯನ್ನು ಅರಿತವರು. ಈಜುಕೊಳವಾದರೆ ನೀರಿನ ತಳದ ಹೆಂಚುಗಳು ದಡದಿಂದ ಸ್ಪಷ್ಟವಾಗಿ ಕಾಣುತ್ತವೆಯೇ, ಕಲಿಸುವವರನ್ನು ಬಿಟ್ಟು ಕಾವಲಿಗೆಂದೇ ಒಬ್ಬ ಜೀವರಕ್ಷಕ ಇದ್ದಾನೆಯೇ ಎಂಬುದಿಷ್ಟೇ ಸಾಕು.

ತರಬೇತುದಾರರ ಮಾತಿನ ಕಡೆಗೂ ಕಿವಿಗೊಡಬೇಕು. ಸೀಟಿ ಊದಿ ‘ಇನ್ನೊಂದು ರೌಂಡ್’ ಎಂದು ಕೂಗುವುದು ಯಾರಿಗಾದರೂ ಬರುತ್ತದೆ. ಸೋತು ಹಿಂದೆ ಬಿದ್ದ ಹುಡುಗಿಯನ್ನು ಹೆಸರು ಹಿಡಿದು ಕರೆದು, ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಓಟದ ಆರಂಭಕ್ಕೆ ಕಾಲೂರುವ ಸ್ಟಾರ್ಟಿಂಗ್ ಬ್ಲಾಕಿನಲ್ಲಿ ಅವಳ ಹಿಂದಿನ ಪಾದದ ಆಸರೆಯನ್ನು ಒಂದು ಹಲ್ಲು ಹಿಂದಕ್ಕೆ ಸರಿಸಿ ಮತ್ತೆ ಓಡಿಸಿ ನೋಡುವವರನ್ನು ಕಂಡರೆ ಅಲ್ಲಿಗೇ ಮಗುವನ್ನು ಸೇರಿಸಿ ಎನ್ನುತ್ತೇನೆ, ಮೈದಾನ ಮಣ್ಣಿನದಾಗಿದ್ದರೂ ಸರಿ.

ಏಕೆಂದರೆ ಕಟ್ಟಡದ ಮೋಹ ಈಗ ಅತಿಯಾಗಿದೆ. ಸಿಂಥೆಟಿಕ್ ಟ್ರ್ಯಾಕ್, ಫ್ಲಡ್ ಲೈಟ್, ಎ.ಸಿ. ಜಿಮ್ ಇವುಗಳ ಫೋಟೊ ನೋಡಿ ಮನಸೋಲುವವರು, 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆ ಅವರು ಬ್ಯಾಡ್ಮಿಂಟನ್ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ ಎಂಬುದನ್ನು ನೆನೆಯಬೇಕು. ಹಾಗೆಂದು ಸೌಲಭ್ಯ ಬೇಡವೆಂದಲ್ಲ. ಆಟಕ್ಕೆ ಊರಿನ ಗುಣವೂ ಇರುತ್ತದೆ: ಕೊಡಗಿನಲ್ಲಿ ಹಾಕಿ, ವಿಜಯಪುರ–ಬಾಗಲಕೋಟೆ ಭಾಗದಲ್ಲಿ ಸೈಕ್ಲಿಂಗ್, ನಮ್ಮ ಧಾರವಾಡ, ಗದಗ, ದಾವಣಗೆರೆಯ ಕಡೆ ಕುಸ್ತಿ, ಮೂಡುಬಿದಿರೆಯಲ್ಲಿ ಅಥ್ಲೆಟಿಕ್ಸ್. ಇಂಥ ಕಡೆಗಳಲ್ಲಿ ಮಗುವಿನ ಜೊತೆ ಅಭ್ಯಾಸ ಮಾಡಲು ಅದಕ್ಕಿಂತ ಸ್ವಲ್ಪ ಮೇಲಿನ ಹಂತದ ಮಕ್ಕಳು ಸಿಗುತ್ತಾರೆ. ಹೊಳೆಯುವ ಜಿಮ್ಮಿಗಿಂತ ಇದು ದೊಡ್ಡ ಲಾಭ.

ಇನ್ನು ದಣಿವಿನ ವಿಚಾರ. ನಮ್ಮ ಶಾಲೆಯ ಓಟಗಾರ್ತಿಯೊಬ್ಬಳು, ಆಗ ಎಂಟನೇ ತರಗತಿ, ರಜೆಯ ಶಿಬಿರವೊಂದರಿಂದ ಮರಳಿದಾಗ ಮಂಡಿಯ ಚಿಪ್ಪಿನ ಕೆಳಗೆ ಗಂಟು ಎದ್ದು ಮೆಟ್ಟಿಲು ಇಳಿಯಲಾರದಂತಾಗಿದ್ದಳು. ನೋವೆಂದು ಹೇಳಿದರೆ ಅಲ್ಲಿಯವರು ‘ಓಡಿದರೆ ಹೋಗುತ್ತದೆ’ ಎಂದು ಇನ್ನಷ್ಟು ಓಡಿಸಿದ್ದರು. ಎತ್ತರ ಬೆಳೆಯುತ್ತಿರುವ ವಯಸ್ಸಿನಲ್ಲಿ ತೊಡೆಯ ಸ್ನಾಯು ತನ್ನ ಸ್ನಾಯುರಜ್ಜುವಿನ ಮೂಲಕ ಮಂಡಿಯ ಕೆಳಗಿನ ಎಳೆಯ ಮೂಳೆಯನ್ನು ಜಗ್ಗುವುದರಿಂದ ಬರುವ ಈ ತೊಂದರೆಯನ್ನು ವೈದ್ಯರು ಆಸ್‌ಗುಡ್–ಶ್ಲಾಟರ್ ಎನ್ನುತ್ತಾರೆ. ಓಟ, ಜಿಗಿತ ಕಡಿಮೆ ಮಾಡಿ ಸ್ನಾಯುಗಳನ್ನು ಸಡಿಲಿಸಿದರೆ ಸಾಮಾನ್ಯವಾಗಿ ವಾಸಿಯಾಗುವಂಥದ್ದು. ಅವಳಿಗೂ ವಾಸಿಯಾಯಿತು, ಆದರೆ ಆ ವರ್ಷದ ಕ್ರೀಡಾಕೂಟ ತಪ್ಪಿತು. ಎಳೆಯ ಮಕ್ಕಳ ಮೂಳೆಯ ತುದಿಗಳಲ್ಲಿ ಬೆಳವಣಿಗೆ ಇನ್ನೂ ನಡೆಯುತ್ತಿರುತ್ತದೆ ಎಂಬ ಒಂದೇ ಸಂಗತಿಯನ್ನು ತಿಳಿದವರು ಅವರನ್ನು ದೊಡ್ಡವರಂತೆ ದುಡಿಸುವುದಿಲ್ಲ.

ಎಷ್ಟು ಹೊತ್ತು ಸಾಕು ಎಂಬುದಕ್ಕೆ ಕ್ರೀಡಾ ವೈದ್ಯರಲ್ಲಿ ಸುಲಭವಾದ ಒಂದು ಲೆಕ್ಕ ಬಳಕೆಯಲ್ಲಿದೆ: ಮಗುವಿನ ವಯಸ್ಸು ಎಷ್ಟೋ ವಾರಕ್ಕೆ ಅಷ್ಟು ಗಂಟೆಗಿಂತ ಹೆಚ್ಚು ಸಂಘಟಿತ ತರಬೇತಿ ಬೇಡ. ಹನ್ನೆರಡು ವರ್ಷದವಳಿಗೆ ವಾರಕ್ಕೆ ಹನ್ನೆರಡು ಗಂಟೆ. ಬೆಳಿಗ್ಗೆ ಮೂರು, ಸಂಜೆ ಮೂರು ಗಂಟೆಯಂತೆ ವಾರದ ಏಳೂ ದಿನ ನಡೆಸುತ್ತೇವೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಶಿಬಿರದಲ್ಲಿ ಅದು ನಲವತ್ತೆರಡಾಗುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ವಾರಕ್ಕೆ ಒಂದೆರಡು ದಿನ ಬಿಡುವು, ಒಂದೇ ಆಟ ಆಡುವ ಮಕ್ಕಳಿಗೆ ವರ್ಷದಲ್ಲಿ ಎರಡು ಮೂರು ತಿಂಗಳು ಆ ಆಟದಿಂದ ಬಿಡುಗಡೆ ಇರಬೇಕೆಂದು ಸಲಹೆ ಕೊಟ್ಟಿದೆ. ವೇಗದ ಬೌಲರ್‌ಗಳ ಎಳೆಯ ಬೆನ್ನನ್ನು ಕಾಪಾಡಲೆಂದು ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಹದಿಮೂರರೊಳಗಿನವರಿಗೆ ಒಂದು ಸ್ಪೆಲ್‌ಗೆ, ಅಂದರೆ ಬಿಡುವಿಲ್ಲದೆ ಬೌಲ್ ಮಾಡುವ ಒಂದು ಸರದಿಗೆ, ಐದು, ದಿನಕ್ಕೆ ಹತ್ತು ಓವರ್ ಎಂಬ ಮಿತಿಯನ್ನು ಬಹುಕಾಲ ಪಾಲಿಸಿಕೊಂಡು ಬಂದಿತ್ತು. ನಮ್ಮ ನೆಟ್ಸ್‌ನಲ್ಲಿ ಚುರುಕಾಗಿ ಬೌಲ್ ಮಾಡುವ ಹುಡುಗ ಸಿಕ್ಕರೆ ಬ್ಯಾಟಿಂಗ್ ಸರದಿ ಮುಗಿಯುವವರೆಗೂ ಅವನದೇ ಕೈಗೆ ಚೆಂಡು. ಓವರುಗಳನ್ನು ಯಾರಾದರೂ ಬರೆದಿಡುತ್ತಾರೆಯೇ ಎಂದು ಪಾಲಕರು ಕೇಳಲಿ.

ಬೇಸಿಗೆಯ ಶಿಬಿರವೆಂದ ಮೇಲೆ ಬಿಸಿಲಿನ ಮಾತು ಬಿಡುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರುಗಳಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ; ಅಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಮುಗಿಯುವ ಬ್ಯಾಚು ಎಂದರೆ ಎರಡು ತಾಸು ತಡ. ದೇಹ ಸೆಕೆಗೆ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕಾಗುವುದರಿಂದ ಮೊದಲ ವಾರ ಹಗುರವಾಗಿರಬೇಕು. ಆದರೆ ಮೊದಲ ದಿನವೇ ಮಕ್ಕಳನ್ನು ಸುಸ್ತು ಮಾಡಿ ಕಳಿಸಿದರೆ ‘ಚೆನ್ನಾಗಿ ದುಡಿಸುತ್ತಾರೆ’ ಎಂಬ ಹೆಸರು ಬರುತ್ತದೆಂದು ನಂಬಿದವರಿದ್ದಾರೆ, ಹಾಗೆ ನಂಬುವ ಪಾಲಕರೂ ಇದ್ದಾರೆ. ನೀರು ಕೇಳುವುದನ್ನು ಸೋಮಾರಿತನವೆಂದು ಬೈಯುವ ಮೈದಾನದಿಂದ ಮಗುವನ್ನು ಅಂದೇ ಮನೆಗೆ ಕರೆತರುವುದು ಲೇಸು. ಓಡುತ್ತಿದ್ದವನು ತೊದಲಿದರೆ, ತೂರಾಡಿದರೆ, ಅಸಂಬದ್ಧವಾಗಿ ಮಾತಾಡಿದರೆ ಅದು ಶಾಖಾಘಾತ. ನೆರಳಿಗೆ ತಂದು, ಮೈಮೇಲೆಲ್ಲ ತಣ್ಣೀರು ಸುರಿದು, ಐಸ್ ಸಿಕ್ಕರೆ ಇಟ್ಟು ದೇಹವನ್ನು ತಂಪು ಮಾಡುತ್ತಲೇ 108ಕ್ಕೆ ಕರೆ ಮಾಡಬೇಕು. ಇದನ್ನು ತಿಳಿದವರು ಶಿಬಿರದಲ್ಲಿ ಒಬ್ಬರಾದರೂ ಇರಲೇಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಪಾಲಕರು ಕೇಳುವ ಮೊದಲ ಪ್ರಶ್ನೆ ಮನೆಗೆ ಎಷ್ಟು ಹೊತ್ತಿಗೆ ಬರುತ್ತಾಳೆ ಎಂಬುದು. ಅದಕ್ಕಿಂತ ಮುಂಚೆ ಕೇಳಬೇಕಾದವು ಬೇರೆ ಇವೆ: ಚಿಲಕವಿರುವ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಒಬ್ಬರಾದರೂ ಮಹಿಳಾ ತರಬೇತುದಾರರು, ಹೊರ ಊರಿನ ಪಂದ್ಯಕ್ಕೆ ಹೋದಾಗ ಜೊತೆಗೆ ಯಾರು ಇರುತ್ತಾರೆ, ಎಲ್ಲಿ ಮಲಗಿಸುತ್ತಾರೆ. ಮಸಾಜು, ಸ್ಟ್ರೆಚಿಂಗ್ ಹೆಸರಿನಲ್ಲಿ ಮುಚ್ಚಿದ ಕೋಣೆಗೆ ಒಬ್ಬೊಬ್ಬರನ್ನೇ ಕರೆಯುವ ಪದ್ಧತಿ ಎಲ್ಲಿಯೂ ಸಲ್ಲದು. ಇದು ಗಂಡುಮಕ್ಕಳಿಗೂ ಅಷ್ಟೇ ಅನ್ವಯಿಸುತ್ತದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ತರಬೇತಿ ನಡೆಯುವ ಸ್ಥಳಗಳನ್ನು, ಅಲ್ಲಿ ವಸತಿ ಇರಲಿ ಬಿಡಲಿ, ಹೆಸರಿಸಿಯೇ ತನ್ನ ವ್ಯಾಪ್ತಿಗೆ ತಂದಿದೆ ಎಂಬುದು ಅನೇಕ ಸಂಘಟಕರಿಗೇ ತಿಳಿದಿಲ್ಲ. ಹತ್ತು ಅಥವಾ ಹೆಚ್ಚು ಸಿಬ್ಬಂದಿ ಇದ್ದರೆ ಆಂತರಿಕ ಸಮಿತಿ ಇರಲೇಬೇಕು, ಕಡಿಮೆಯಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಹದಿನೆಂಟು ತುಂಬದ ಮಕ್ಕಳ ಮೇಲಿನ ದೌರ್ಜನ್ಯದ ವಿಷಯ ತಿಳಿದೂ ವರದಿ ಮಾಡದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ‘ಶಿಬಿರದ ಮರ್ಯಾದೆ ಹೋಗುತ್ತದೆ, ಇಲ್ಲೇ ಮುಗಿಸೋಣ’ ಎನ್ನಲು ಯಾರಿಗೂ ಅಧಿಕಾರವಿಲ್ಲ. ಮಕ್ಕಳ ಸಹಾಯವಾಣಿ 1098 ಮೈದಾನದ ಗೋಡೆಯ ಮೇಲೆ ಬರೆದಿದ್ದರೆ ಆ ಸಂಘಟಕರ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಹಣಕ್ಕೆ ರಸೀದಿ ಕೊಡದ, ಮಧ್ಯದಲ್ಲಿ ಬಿಟ್ಟರೆ ಏನೆಂದು ಬರೆದು ಕೊಡದ ಶಿಬಿರ ಬೇಡ. ‘ರಾಜ್ಯ ತಂಡದ ಸೆಲೆಕ್ಷನ್ ನಮ್ಮ ಕೈಯಲ್ಲಿದೆ’ ಎನ್ನುವವರಿಂದ ದೂರವಿರಬೇಕು. ಶಕ್ತಿ ಬರುತ್ತದೆಂದು ಡಬ್ಬಿಯ ಪ್ರೋಟೀನ್ ಪೌಡರ್ ಮಾರುವ ಅಂಗಡಿ ಶಿಬಿರದೊಳಗೇ ಇದ್ದರೆ ನೆನಪಿಡಬೇಕಾದ ಮಾತು, ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಾಗ ಕೊಟ್ಟವರು ಯಾರೇ ಆಗಿರಲಿ, ದೇಹದಲ್ಲಿ ಸಿಕ್ಕ ವಸ್ತುವಿಗೆ ಕ್ರೀಡಾಪಟುವೇ ಹೊಣೆ. ಬೆಳೆಯುವ ಮಗುವಿಗೆ ಮೊಟ್ಟೆ, ಶೇಂಗಾ, ಹೆಸರುಕಾಳು, ಹಾಲು, ರೊಟ್ಟಿ ಸಾಕು. ಹುಟ್ಟಿದ ದಿನಾಂಕವನ್ನು ಒಂದೆರಡು ವರ್ಷ ಹಿಂದೆ ಮುಂದೆ ಮಾಡಿಸಿಕೊಡುತ್ತೇವೆ ಎನ್ನುವವರೂ ಇದ್ದಾರೆ; ಕ್ರಿಕೆಟ್ ಮಂಡಳಿ ಹದಿನಾರರೊಳಗಿನವರಿಗೆ ಮಣಿಕಟ್ಟಿನ ಎಕ್ಸ್‌ರೇಯಿಂದ ಮೂಳೆಯ ವಯಸ್ಸು ನೋಡುತ್ತದೆ, ಆಗ ನಿಷೇಧಕ್ಕೊಳಗಾಗುವುದು ಆ ಹುಡುಗನೇ.

ಸಾಲ ಮಾಡಿ ಶುಲ್ಕ ಕಟ್ಟುವ ಪಾಲಕರಿಗೆ ಯಾರೂ ಹೇಳದ ಇನ್ನೊಂದು ದಾರಿಯಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಜಿಲ್ಲೆಗಳಲ್ಲಿ ಕ್ರೀಡಾ ವಸತಿ ನಿಲಯಗಳನ್ನು ನಡೆಸುತ್ತದೆ. ಎತ್ತರ, ತೂಕ, ಓಟ, ಜಿಗಿತದ ಆಯ್ಕೆ ಪರೀಕ್ಷೆಯಲ್ಲಿ ಉತ್ತೀರ್ಣರಾದ ಮಕ್ಕಳಿಗೆ ಊಟ, ವಸತಿ, ಕಿಟ್, ತರಬೇತಿ ಎಲ್ಲವೂ ಉಚಿತ. ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರಗಳಿವೆ, ಖೇಲೋ ಇಂಡಿಯಾ ಕೇಂದ್ರಗಳಿವೆ. ಇವುಗಳಲ್ಲೂ ಕೊರತೆಗಳಿವೆ, ತರಬೇತುದಾರರ ಹುದ್ದೆ ಖಾಲಿ ಬಿದ್ದ ನಿಲಯಗಳನ್ನು ನಾನೇ ಕಂಡಿದ್ದೇನೆ. ಆದರೂ ಜಿಲ್ಲಾ ಕ್ರೀಡಾಂಗಣದ ಕಚೇರಿಗೆ ಒಮ್ಮೆ ಹೋಗಿ ವಿಚಾರಿಸದೆ ಖಾಸಗಿ ಶಿಬಿರಕ್ಕೆ ಹಣ ಸುರಿಯುವುದು ಸರಿಯಲ್ಲ. ಆಯ್ಕೆ ಪರೀಕ್ಷೆಯ ಸುದ್ದಿ ಹಳ್ಳಿಯ ಶಾಲೆಗಳಿಗೆ ಬಹುಮಟ್ಟಿಗೆ ದಿನಾಂಕ ಮುಗಿದ ಮೇಲೆ ತಲುಪುತ್ತದೆ ಎಂಬ ನೋವು ನನಗೆ ಸೇವೆಯ ಕೊನೆಯವರೆಗೂ ಇತ್ತು.

ಈ ಹಿನ್ನೆಲೆಯಲ್ಲಿ ಇಲಾಖೆಗೆ ಒಂದು, ತಮಗೆ ಒಂದು ವಿನಂತಿ. ತನ್ನ ಕ್ರೀಡಾಂಗಣಗಳನ್ನು ಶಿಬಿರಗಳಿಗೆ ಬಾಡಿಗೆಗೆ ಕೊಡುವಾಗ ಇಲಾಖೆಯು ತರಬೇತುದಾರರ ಪ್ರಮಾಣಪತ್ರದ ಪ್ರತಿ, ಬ್ಯಾಚಿನ ಗರಿಷ್ಠ ಸಂಖ್ಯೆ, ಪ್ರಥಮ ಚಿಕಿತ್ಸೆ ಬಲ್ಲವರ ಹೆಸರು ಇವಿಷ್ಟನ್ನು ಪಡೆದು ಕ್ರೀಡಾಂಗಣದ ಗೇಟಿನಲ್ಲಿ ಅಂಟಿಸಲಿ. ಮೈದಾನ ಸರ್ಕಾರದ್ದೇ ಆದ್ದರಿಂದ ಈ ಷರತ್ತು ಹಾಕುವುದು ಕಷ್ಟವಲ್ಲ. ಶಿಬಿರಗಳ ಪ್ರಕಟಣೆಯನ್ನು ತಾವು ಉಚಿತವಾಗಿ ಅಚ್ಚು ಮಾಡುವ ಅಂಕಣಕ್ಕೆ ಮುಖ್ಯ ತರಬೇತುದಾರರ ಹೆಸರು ಮತ್ತು ಅರ್ಹತೆ, ಒಂದು ಬ್ಯಾಚಿನ ಮಕ್ಕಳ ಸಂಖ್ಯೆ, ಮಹಿಳಾ ತರಬೇತುದಾರರು ಇದ್ದಾರೆಯೇ ಎಂಬ ಮೂರು ವಿವರಗಳನ್ನು ಕಡ್ಡಾಯ ಮಾಡಿ. ವಿವರ ಕೊಡಲೊಪ್ಪದವರು ಹಣ ಕೊಟ್ಟು ಜಾಹೀರಾತು ಹಾಕಿಸಿಕೊಳ್ಳಲಿ. ಬರುವ ಮಾರ್ಚ್‌ಗೆ ಮುನ್ನ ಈ ಬದಲಾವಣೆಯನ್ನು ಪ್ರಕಟಿಸಿದರೆ ಸಂಘಟಕರಿಗೂ ಸಿದ್ಧರಾಗಲು ಸಮಯ ಸಿಗುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕ, ಧಾರವಾಡ